ಡ್ರಾಫ್ಟ್‌ನಲ್ಲಿ ಹೊರದೇಶದ ಹುಡುಗ: ಕರೆಯುವ ಮೊದಲು ತೂಗಿ ನೋಡುವುದು ಹೇಗೆ

ನಾನು ಮೈಸೂರಿನಲ್ಲಿ ಶಾಲೆ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ನನ್ನ ಹತ್ತಿರ ಕಲಿತು ಹೋದ ಹುಡುಗರು ಈಗ ಬೆಂಗಳೂರು, ಪುಣೆ, ಡಲ್ಲಾಸ್ ಅಂತ ಎಲ್ಲೆಲ್ಲೋ ಇದ್ದಾರೆ. ಜೂನ್ ಬಂತೆಂದರೆ ಎಲ್ಲರೂ ವಾಟ್ಸಾಪ್‌ನಲ್ಲಿ ಸೇರಿ ಎನ್‌ಬಿಎ ಡ್ರಾಫ್ಟ್ ಆಟ ಆಡುತ್ತಾರೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎದ ತಂಡಗಳು ಎರಡು ಸುತ್ತಿನಲ್ಲಿ, ಸರದಿಯಂತೆ ಹೊಸ ಆಟಗಾರರ ಹೆಸರು ಕರೆದು ಆರಿಸಿಕೊಳ್ಳುವುದೇ ಡ್ರಾಫ್ಟ್. ಒಬ್ಬೊಬ್ಬರು ಒಂದೊಂದು ತಂಡ ವಹಿಸಿಕೊಂಡು, ಅಸಲಿ ಡ್ರಾಫ್ಟ್‌ಗೆ ಮೊದಲೇ ತಮ್ಮ ಆಯ್ಕೆ ಬರೆದಿಡುವುದು ಆಟದ ನಿಯಮ. ಅಮೆರಿಕದ ಕಾಲೇಜು ಹುಡುಗರ ಬಗ್ಗೆ ಯಾರಿಗೂ ಗೊಂದಲವಿಲ್ಲ. ಸರ್ಬಿಯಾ, ಫ್ರಾನ್ಸ್, ಚೀನಾದ ಹೆಸರು ಬಂದಾಗ ಮಾತ್ರ ಎಲ್ಲರದ್ದೂ ಒಂದೇ ಪ್ರಶ್ನೆ: "ಸರ್, ಇವನನ್ನ ನಂಬಬಹುದಾ?"

ಆ ಪ್ರಶ್ನೆಗೆ ಉತ್ತರ ಹುಡುಕುವ ಕ್ರಮವೊಂದಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀವೇ ಒಂದು ತಂಡಕ್ಕೆ ಆಟಗಾರರನ್ನು ಆರಿಸುವ ಜನರಲ್ ಮ್ಯಾನೇಜರ್ ಕುರ್ಚಿಯಲ್ಲಿ ಕೂತಿದ್ದೀರಿ ಅಂತ ಅಂದುಕೊಂಡು ಓದಿ.

ಮೊದಲು ನಿಮ್ಮ ತಂಡವನ್ನೇ ತೂಗಿ

ಎಲ್ಲರೂ ಹುಡುಗನಿಂದ ಶುರುಮಾಡುತ್ತಾರೆ. ನೀವು ನಿಮ್ಮ ಬೆಂಚಿನಿಂದ ಶುರುಮಾಡಿ. ಈ ಹುಡುಗ ಬಂದರೆ ಯಾರ ಜಾಗದಲ್ಲಿ ಆಡುತ್ತಾನೆ? ಮೊದಲ ವರ್ಷ ಎಷ್ಟು ನಿಮಿಷ ಸಿಗುತ್ತದೆ? ಅವನು ತಪ್ಪು ಮಾಡಿದಾಗ ಕೋಚ್ ತಡೆದುಕೊಳ್ಳುತ್ತಾರಾ? ಈ ಮೂರಕ್ಕೆ ಉತ್ತರ ಸಿಗದಿದ್ದರೆ ಮುಂದಿನ ಲೆಕ್ಕವೆಲ್ಲ ದಂಡ.

2003ರ ಡೆಟ್ರಾಯಿಟ್ ಪಿಸ್ಟನ್ಸ್ ನೋಡಿ. ಅವರು ಹಿಂದಿನ ಋತುವಿನಲ್ಲಿ 50 ಪಂದ್ಯ ಗೆದ್ದಿದ್ದರು. ವರ್ಷಗಳ ಹಿಂದೆ ಮಾಡಿಕೊಂಡ ವಿನಿಮಯದಿಂದ ಗ್ರಿಜ್ಲಿಸ್ ತಂಡದ ಪಿಕ್, ಅಂದರೆ ಆರಿಸುವ ಸರದಿ, ಕೈಗೆ ಬಂದಿತ್ತು. ಅದು ಎರಡನೆಯ ಸ್ಥಾನದ ಪಿಕ್. ಅದರಲ್ಲಿ ಸರ್ಬಿಯಾದ ಡಾರ್ಕೊ ಮಿಲಿಚಿಚ್‌ನನ್ನು ಕರೆದರು. ಅವನಿಗೆ ಆಗಷ್ಟೇ 18 ತುಂಬಿತ್ತು. ಅವನ ನಂತರ, ಮುಂದೆ ದೊಡ್ಡ ತಾರೆಗಳಾದ ಕಾರ್ಮೆಲೊ ಆಂಥನಿ, ಕ್ರಿಸ್ ಬಾಷ್, ಡ್ವೇನ್ ವೇಡ್ ಹೋದರು. ಡಾರ್ಕೊಗೆ ಮೊದಲ ಋತುವಿನಲ್ಲಿ ಸಿಕ್ಕಿದ್ದು 34 ಪಂದ್ಯ, ಪಂದ್ಯಕ್ಕೆ ಸರಾಸರಿ ಐದು ನಿಮಿಷವೂ ಇಲ್ಲ. ಡೆಟ್ರಾಯಿಟ್ 2004ರಲ್ಲಿ ಚಾಂಪಿಯನ್ ಆಯಿತು. ಕಪ್ ಗೆಲ್ಲುವ ತವಕದಲ್ಲಿರುವ ತಂಡ ಒಬ್ಬ ಹದಿನೆಂಟರ ಹುಡುಗನಿಗೆ ತಪ್ಪು ಮಾಡಲು ನಿಮಿಷ ಎಲ್ಲಿಂದ ಕೊಡುತ್ತದೆ?

ಈಗ 2014ರ ಡೆನ್ವರ್ ನೋಡಿ. ಅದೂ ಸರ್ಬಿಯಾದ ಹುಡುಗನೇ, ನಿಕೊಲಾ ಯೋಕಿಚ್. ಬೆಲ್‌ಗ್ರೇಡ್‌ನ ಮೆಗಾ ತಂಡದವನು. 41ನೇ ಸ್ಥಾನದಲ್ಲಿ ಕರೆದರು. ಕೂಡಲೇ ಅಮೆರಿಕಕ್ಕೆ ಎಳೆದುಕೊಂಡು ಬರಲಿಲ್ಲ. ಇನ್ನೊಂದು ವರ್ಷ ಅಲ್ಲೇ ಆಡಲಿ ಅಂತ ಬಿಟ್ಟರು. ಆ ವರ್ಷ ಅವನು ಸರ್ಬಿಯಾ ಮತ್ತು ನೆರೆ ದೇಶಗಳ ಆಡ್ರಿಯಾಟಿಕ್ ಲೀಗ್‌ನ ಅತ್ಯುತ್ತಮ ಆಟಗಾರನಾದ. 2015ರಲ್ಲಿ ಬಂದ. ಮುಂದಿನದು ನಿಮಗೆಲ್ಲ ಗೊತ್ತು: 2021, 2022, 2024ರಲ್ಲಿ ಎಂವಿಪಿ (ಲೀಗ್‌ನ ವರ್ಷದ ಅತ್ಯುತ್ತಮ ಆಟಗಾರ), 2023ರಲ್ಲಿ ಚಾಂಪಿಯನ್.

ಇಬ್ಬರ ಪ್ರತಿಭೆ ಒಂದೇ ಮಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಅಪಾಯದ ಅರ್ಧ ಪಾಲು ಕರೆಸಿಕೊಳ್ಳುವ ತಂಡದಲ್ಲೇ ಇರುತ್ತದೆ. ಜನ ಅದನ್ನು ಪೂರ್ತಿ ಹುಡುಗನ ತಲೆಗೆ, ಇಲ್ಲವೇ ಅವನ ದೇಶದ ತಲೆಗೆ ಕಟ್ಟಿಬಿಡುತ್ತಾರೆ. ಇದು ನನಗೆ ಸಹಿಸಲಾಗದ ವಿಷಯ. "ಯುರೋಪಿನ ಹುಡುಗರು ಮೆತ್ತಗೆ" ಎಂಬ ಮಾತು ಎಷ್ಟು ವರ್ಷ ಓಡಿತು ಅಲ್ವಾ? 2019ರಿಂದ 2025ರವರೆಗಿನ ಪ್ರತಿ ಎಂವಿಪಿಯೂ ಅಮೆರಿಕದ ಹೊರಗೆ ಹುಟ್ಟಿದವನು.

ಅಂಕಿಗಳನ್ನು ಇದ್ದ ಹಾಗೇ ಓದಬೇಡಿ

ಯುರೋಪಿನಲ್ಲಿ ಪಂದ್ಯ 40 ನಿಮಿಷ, ಎನ್‌ಬಿಎದಲ್ಲಿ 48. ಅಲ್ಲಿ ಆಟದ ವೇಗವೂ ಕಡಿಮೆ. ದೊಡ್ಡ ಕ್ಲಬ್‌ಗಳಲ್ಲಿ ಅನುಭವಿಗಳೇ ಜಾಸ್ತಿ ಹೊತ್ತು ಆಡುತ್ತಾರೆ, ಹುಡುಗರಿಗೆ ಉಳಿದದ್ದು ಸಿಗುತ್ತದೆ. ಹಾಗಾಗಿ "ಪಂದ್ಯಕ್ಕೆ ಬರೀ ಎಂಟು ಪಾಯಿಂಟ್" ಅಂತ ಯಾರಾದರೂ ಮೂಗು ಮುರಿದರೆ ಮೊದಲು ಎಷ್ಟು ನಿಮಿಷದಲ್ಲಿ ಅಂತ ಕೇಳಿ.

ಲೂಕಾ ಡಾನ್ಚಿಚ್ ಲೆಕ್ಕವನ್ನು ನಾನು ಶಿಷ್ಯರ ಕೈಯಲ್ಲಿ ಮಾಡಿಸುತ್ತೇನೆ. ಯುರೋಪಿನ ದೊಡ್ಡ ಕ್ಲಬ್‌ಗಳು ಆಡುವ ಯುರೋಲೀಗ್‌ನಲ್ಲಿ, 2017-18ರಲ್ಲಿ, ರಿಯಲ್ ಮ್ಯಾಡ್ರಿಡ್ ಪರ ಅವನದು ಪಂದ್ಯಕ್ಕೆ 16 ಪಾಯಿಂಟ್, ಸುಮಾರು 26 ನಿಮಿಷದಲ್ಲಿ. ಇದನ್ನು 36 ನಿಮಿಷಕ್ಕೆ ಏರಿಸಿ. 22 ಬರುತ್ತದೆ. ಎನ್‌ಬಿಎದಲ್ಲಿ ಅವನ ಮೊದಲ ಋತು: ಸುಮಾರು 32 ನಿಮಿಷದಲ್ಲಿ 21.2 ಪಾಯಿಂಟ್. ಇದನ್ನೂ 36ಕ್ಕೆ ಏರಿಸಿದರೆ 24ರ ಹತ್ತಿರ. ಅಂದರೆ ಯುರೋಪಿನ ಅಂಕಿ ಸುಳ್ಳು ಹೇಳಿರಲಿಲ್ಲ. ಓದಿದವರು ಕಡಿಮೆ ಓದಿದ್ದರು. 19ರ ವಯಸ್ಸಿಗೇ ಯುರೋಲೀಗ್ ಎಂವಿಪಿ, 2017ರಲ್ಲಿ ಸ್ಲೊವೇನಿಯಾ ಜೊತೆ ಯುರೋಪ್ ಚಾಂಪಿಯನ್. ಆದರೂ ಅವನಿಗಿಂತ ಮೊದಲು ಇಬ್ಬರು ಹೋದರು. ಮೂರನೆಯವನಾಗಿ ಕರೆದ ಅಟ್ಲಾಂಟಾ ಕೂಡ ಅವನನ್ನು ಡಲ್ಲಾಸ್‌ಗೆ ಕೊಟ್ಟು ಟ್ರೇ ಯಂಗ್‌ನನ್ನೂ ಮುಂದಿನ ವರ್ಷದ ಒಂದು ಪಿಕ್ಕನ್ನೂ ತೆಗೆದುಕೊಂಡಿತು. ಫೀನಿಕ್ಸ್‌ನದು ಇನ್ನೂ ಆಶ್ಚರ್ಯ. ಮೊದಲ ಪಿಕ್ ಅವರದೇ. ಸ್ಲೊವೇನಿಯಾವನ್ನು ಯುರೋಪ್ ಚಾಂಪಿಯನ್ ಮಾಡಿದ್ದ ಕೋಚ್ ಇಗೊರ್ ಕೊಕೊಷ್ಕೊವ್ ಕೂಡ ಆಗ ಅವರಲ್ಲೇ ಇದ್ದರು. ಹುಡುಗನನ್ನು ಹತ್ತಿರದಿಂದ ಬಲ್ಲವರು ಮನೆಯಲ್ಲೇ ಇದ್ದೂ ಅವರು ಡಿಆಂಡ್ರೆ ಏಟನ್‌ನನ್ನು ಆರಿಸಿದರು.

ಲೀಗ್‌ನ ಮಟ್ಟವನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಯುರೋಲೀಗ್ ಎಲ್ಲಕ್ಕಿಂತ ಮೇಲೆ. ದೇಶದ ಲೀಗ್‌ಗಳಲ್ಲಿ ಸ್ಪೇನ್‌ನದು ಗಟ್ಟಿ. ತುರ್ಕಿ, ಫ್ರಾನ್ಸ್, ಆಡ್ರಿಯಾಟಿಕ್ ಕೂಡ ಹಗುರವಲ್ಲ. ಆಲ್ಪೆರೆನ್ ಶೆಂಗುನ್ 18ರ ವಯಸ್ಸಿಗೆ ತುರ್ಕಿ ಲೀಗ್‌ನ ಎಂವಿಪಿ ಆಗಿದ್ದ. ದೊಡ್ಡವರ ಲೀಗ್‌ನಲ್ಲಿ ಒಬ್ಬ ಹುಡುಗ ಹಾಗೆ ಆಡಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಆದರೂ 2021ರಲ್ಲಿ 16ನೇ ಸ್ಥಾನದವರೆಗೆ ಇಳಿದ. ಹ್ಯೂಸ್ಟನ್ ಎರಡು ಮೊದಲ ಸುತ್ತಿನ ಪಿಕ್ ಕೊಟ್ಟು ಅವನನ್ನು ಪಡೆಯಿತು. 2025ರಲ್ಲಿ ಅವನು ಎನ್‌ಬಿಎದ ತಾರೆಯರ ಪಂದ್ಯಕ್ಕೆ ಆಯ್ಕೆಯಾದ ಆಲ್‌ಸ್ಟಾರ್.

ಯಾನಿಸ್ ಅಂಟೆಟೊಕೌಂಪೊ ಇದಕ್ಕೆ ಉಲ್ಟಾ. ಅವನು ಆಡುತ್ತಿದ್ದದ್ದು ಗ್ರೀಸ್‌ನ ಎರಡನೆಯ ದರ್ಜೆಯಲ್ಲಿ, ಫಿಲಾಥ್ಲಿಟಿಕೋಸ್ ಎಂಬ ಸಣ್ಣ ಕ್ಲಬ್‌ಗೆ. ಅಲ್ಲಿನ ಅಂಕಿಯಿಂದ ಏನೂ ಹೇಳಲಾಗುವುದಿಲ್ಲ. ಅಂಥವನಿಗೆ ಕಣ್ಣೇ ಗತಿ. ಮಿಲ್ವಾಕಿ 2013ರಲ್ಲಿ 15ನೇ ಸ್ಥಾನದಲ್ಲಿ ಕರೆದದ್ದು ಅವನ ಉದ್ದ ಕೈಕಾಲು, ಆ ಎತ್ತರದಲ್ಲಿ ಚೆಂಡು ಆಡಿಸುವ ರೀತಿ ನೋಡಿ.

ನಿಯಮದ ವ್ಯತ್ಯಾಸವೂ ಅಂಕಿಯನ್ನು ಬದಲಿಸುತ್ತದೆ. ನಮ್ಮ ಊರಿನ ಕೋರ್ಟ್‌ನಲ್ಲಿ ಆಡಿದವರಿಗೆ ಅಂತರರಾಷ್ಟ್ರೀಯ ಸಂಸ್ಥೆ ಫೀಬಾದ ಗೆರೆ ಗೊತ್ತು, ಮೂರು ಪಾಯಿಂಟ್‌ಗೆ 6.75 ಮೀಟರ್. ಎನ್‌ಬಿಎದಲ್ಲಿ ಮೂಲೆ ಬಿಟ್ಟರೆ 7.24. ಗೆರೆಗೆ ತಾಗಿ ನಿಂತೇ ಹೊಡೆಯುವವನು ಅರ್ಧ ಮೀಟರ್ ಹಿಂದೆ ಹೋದರೆ ಏನಾಗುತ್ತಾನೆ ನೋಡಬೇಕು. ನಾನು ಪಂದ್ಯದ ವಿಡಿಯೊ ಟೇಪ್ ನಿಲ್ಲಿಸಿ ಅವನ ಕಾಲು ಗೆರೆಯಿಂದ ಎಷ್ಟು ದೂರ ಇದೆ ಅಂತ ನೋಡುತ್ತೇನೆ. ಇನ್ನೊಂದು, ಫೀಬಾದಲ್ಲಿ ರಕ್ಷಣೆಗೆ ಮೂರು ಸೆಕೆಂಡ್ ನಿಯಮವಿಲ್ಲ. ಎತ್ತರದವನು ಬುಟ್ಟಿಯ ಕೆಳಗೆ ಸುಮ್ನೆ ನಿಂತಿರಬಹುದು. ಅಲ್ಲಿ ಬ್ಲಾಕ್ ಮೇಲೆ ಬ್ಲಾಕ್ ಮಾಡುವವನು ಎನ್‌ಬಿಎದಲ್ಲಿ ಹೊರಗೆ ಬಂದು ಓಡಬೇಕು. ಅದೇ ಕಾರಣಕ್ಕೆ, ಅಲ್ಲಿನ ಗುಂಪಿನಲ್ಲಿ ನುಗ್ಗಿ ಪಾಯಿಂಟ್ ಮಾಡುವ ಗಾರ್ಡ್‌ಗೆ (ಚೆಂಡು ಆಡಿಸುವವನಿಗೆ) ಎನ್‌ಬಿಎದಲ್ಲಿ ಜಾಗ ಜಾಸ್ತಿ ಸಿಗುತ್ತದೆ. ಗಾರ್ಡ್ ಆದರೆ ಅಂಕಿಗೆ ಸ್ವಲ್ಪ ಸೇರಿಸಿ, ಬುಟ್ಟಿಯ ಹತ್ತಿರ ಆಡುವ ಎತ್ತರದ ಸೆಂಟರ್ ಆದರೆ ಸ್ವಲ್ಪ ಕಳೆಯಿರಿ.

ಖಾಲಿ ಜಿಮ್ ನೋಡಿ ತೀರ್ಮಾನ ಬೇಡ

ಡ್ರಾಫ್ಟ್‌ಗೆ ಮೊದಲು ತಂಡದವರ ಮುಂದೆ ಆಡಿ ತೋರಿಸುವುದಕ್ಕೆ ವರ್ಕೌಟ್ ಅನ್ನುತ್ತಾರೆ. ಅದನ್ನು ನೋಡಿ ಆಟಗಾರನನ್ನು ಅಳೆಯುವುದು, ಹೆಣ್ಣು ನೋಡಲು ಹೋದ ದಿನದ ಉಪ್ಪಿಟ್ಟು ತಿಂದು ಆ ಮನೆಯ ದಿನದ ಅಡುಗೆ ಹೇಳಿದ ಹಾಗೆ. 2002ರಲ್ಲಿ ಡೆನ್ವರ್ ಐದನೇ ಪಿಕ್‌ನಲ್ಲಿ ಜಾರ್ಜಿಯಾ ದೇಶದ ನಿಕೊಲೊಜ್ ಸ್ಕಿಟಿಶ್ವಿಲಿಯನ್ನು ಕರೆಯಿತು. ಏಳಡಿ ಎತ್ತರ, ವರ್ಕೌಟ್‌ನಲ್ಲಿ ನಯವಾದ ಶಾಟ್. ಆದರೆ ಇಟಲಿಯ ಬೆನೆಟನ್ ಟ್ರೆವಿಸೊ ತಂಡದಲ್ಲಿ ಅವನು ಕೋರ್ಟ್‌ಗೆ ಇಳಿದದ್ದೇ ಕಡಿಮೆ. ಎನ್‌ಬಿಎ ಮೊದಲ ಋತುವಿನಲ್ಲಿ ಅವನ ಶಾಟ್‌ಗಳಲ್ಲಿ ಶೇ 30ರಷ್ಟೂ ಬುಟ್ಟಿಗೆ ಬೀಳಲಿಲ್ಲ. ಅದೇ ಡ್ರಾಫ್ಟ್‌ನಲ್ಲಿ ಒಂಬತ್ತನೆಯವನಾಗಿ ಹೋದ ಅಮರೆ ಸ್ಟೌಡಮೈರ್ ವರ್ಷದ ಅತ್ಯುತ್ತಮ ಹೊಸಬನಾದ. ಚೀನಾದ ಯಿ ಜಿಯಾನ್‌ಲಿಯಾನ್ 2007ರಲ್ಲಿ ಎದುರಾಳಿಯ ಬದಲು ಕುರ್ಚಿ ಇಟ್ಟುಕೊಂಡು ವರ್ಕೌಟ್ ಮಾಡಿ ತೋರಿಸಿದ್ದು ಇಂದಿಗೂ ಮಾತಿನಲ್ಲಿದೆ. ಕುರ್ಚಿ ಯಾರನ್ನೂ ತಳ್ಳುವುದಿಲ್ಲ.

ಕೆಟ್ಟ ವರ್ಕೌಟ್ ಕೂಡ ಅಷ್ಟೇ ಮೋಸ ಮಾಡುತ್ತದೆ. ಟೋನಿ ಪಾರ್ಕರ್‌ನ ಮೊದಲ ವರ್ಕೌಟ್ ನೋಡಿ ಸ್ಯಾನ್ ಆಂಟೋನಿಯೊ ಕೋಚ್ ಗ್ರೆಗ್ ಪೊಪೊವಿಚ್ ಅವರಿಗೆ ಬೇಡವೇ ಬೇಡ ಅನ್ನಿಸಿತ್ತು. ಸಿಬ್ಬಂದಿ ಪಂದ್ಯದ ಟೇಪ್ ತೋರಿಸಿ ಒಪ್ಪಿಸಿದರು. ಎರಡನೆಯ ಸಲ ಕರೆಸಿದಾಗ ಅವನ ಆಟವೇ ಬೇರೆ ಇತ್ತು. 2001ರಲ್ಲಿ 28ನೇ ಸ್ಥಾನದಲ್ಲಿ ಕರೆದರು. ನಾಲ್ಕು ಕಪ್ ಬಂದವು. ಎರಡನೆಯ ಸಲ ನೋಡುವ ತಾಳ್ಮೆಯ ಬೆಲೆ ಅದು.

ಹಾಗಾದರೆ ಟೇಪ್‌ನಲ್ಲಿ ಏನು ನೋಡಬೇಕು? ಹೈಲೈಟ್ಸ್ ಪಕ್ಕಕ್ಕಿಡಿ. ಇಡೀ ಪಂದ್ಯ ನೋಡಿ, ಅದರಲ್ಲೂ ಅವನ ತಂಡ ಸೋತ ಪಂದ್ಯ. ಚೆಂಡು ಕಳೆದುಕೊಂಡ ಕೂಡಲೇ ಅವನು ಓಡುತ್ತಾನಾ, ಕೈ ಚೆಲ್ಲಿ ನಿಲ್ಲುತ್ತಾನಾ? ತಪ್ಪಿನ ನಂತರ ಕೋಚ್ ಅವನನ್ನು ಹೊರಗೆ ಕೂರಿಸುತ್ತಾರಾ, ಕೋರ್ಟ್‌ನಲ್ಲೇ ಬಿಡುತ್ತಾರಾ? ದಿನವೂ ಅವನನ್ನು ನೋಡುವ ಕೋಚ್‌ಗೆ ಎಷ್ಟು ನಂಬಿಕೆ ಇದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ರಕ್ಷಣೆಯಲ್ಲಿ ಸೊಂಟ ಬಗ್ಗಿಸುತ್ತಾನಾ ನೋಡಿ. ಎತ್ತರದ ಹುಡುಗರು ಬೆನ್ನು ಬಗ್ಗಿಸಿ ಸೊಂಟ ಇಳಿಸಿದಂತೆ ಕಾಣಿಸುತ್ತಾರೆ. ಅದು ಬೇರೆ, ಇದು ಬೇರೆ. ಬೆನ್ನು ಬಗ್ಗಿಸಿದವನು ಮೊದಲ ಹೆಜ್ಜೆಗೇ ಹಿಂದೆ ಬೀಳುತ್ತಾನೆ. ಇದನ್ನು ನಾನು ಹನ್ನೆರಡರ ಮಕ್ಕಳಲ್ಲೂ ದಿನಾ ನೋಡುತ್ತೇನೆ, ತಿದ್ದಲು ವರ್ಷಗಳು ಬೇಕು.

ಆಗುವುದಾದರೆ ಕೋರ್ಟ್ ಬದಿಯಲ್ಲೇ ಕೂತು ನೋಡಬೇಕು. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದಾಗ ನಾನು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಆ ಸಲ ಜಪಾನ್ ತಮಗಿಂತ ಎತ್ತರದ ಆಸ್ಟ್ರೇಲಿಯಾವನ್ನು ಫೈನಲ್‌ನಲ್ಲಿ 74-73ರಿಂದ ಸೋಲಿಸಿತು. ಜಪಾನಿನ ಹುಡುಗಿಯರು ಚೆಂಡಿಲ್ಲದಾಗ ಎಷ್ಟು ಓಡುತ್ತಾರೆ, ಎಷ್ಟು ಕೂಗಿ ಮಾತಾಡಿಕೊಳ್ಳುತ್ತಾರೆ ಅನ್ನುವುದು ಟಿವಿಯಲ್ಲಿ ಕಾಣುವುದೇ ಇಲ್ಲ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ವಿಮಾನ ಹತ್ತಿ ಬೆಲ್‌ಗ್ರೇಡ್‌ಗೆ ಹೋಗುವುದು ಇದಕ್ಕೇ.

ಕಾಗದ ಪತ್ರ ಓದಿ

ಹೊರದೇಶದ ಹುಡುಗನಿಗೆ ಬಹಳ ಸಲ ಅಲ್ಲಿಯ ಕ್ಲಬ್ ಜೊತೆ ಒಪ್ಪಂದ ಇರುತ್ತದೆ. ಅದನ್ನು ಮುರಿಯಲು ದುಡ್ಡು ಕಟ್ಟಬೇಕು. ಇದಕ್ಕೆ ಬೈಔಟ್ ಅನ್ನುತ್ತಾರೆ. ಎನ್‌ಬಿಎ ತಂಡ ತನ್ನ ಸಂಬಳದ ಮಿತಿಗೆ ಸೇರದಂತೆ ಕೊಡಬಹುದಾದ ಮೊತ್ತಕ್ಕೆ ಕಟ್ಟು ಇದೆ, ಅದು ಇತ್ತೀಚಿನ ವರ್ಷಗಳಲ್ಲೂ ಹತ್ತು ಲಕ್ಷ ಡಾಲರ್‌ಗಿಂತ ಕಡಿಮೆಯೇ. ಮಿಕ್ಕಿದ್ದು ಹುಡುಗನ ಜೇಬಿನಿಂದ ಹೋಗಬೇಕು. ಮೊದಲ ಸುತ್ತಿನಲ್ಲಿ ಮೇಲೆ ಹೋದವನಿಗೆ ಅದು ಕಷ್ಟವಲ್ಲ. ಎರಡನೆಯ ಸುತ್ತಿನವನಿಗೆ ಒಂದು ವರ್ಷದ ಸಂಬಳವೇ ಹೋಗಿಬಿಡಬಹುದು. ಅರ್ಜೆಂಟೀನಾದ ಲೂಯಿಸ್ ಸ್ಕೋಲಾನನ್ನು ಸ್ಯಾನ್ ಆಂಟೋನಿಯೊ 2002ರಲ್ಲಿ 56ನೇ ಸ್ಥಾನದಲ್ಲಿ ಕರೆದಿತ್ತು. ಸ್ಪೇನ್‌ನಲ್ಲಿದ್ದ ಅವನ ಬೈಔಟ್ ದೊಡ್ಡದು. ಕಾದು ಕಾದು 2007ರಲ್ಲಿ ಅವನನ್ನು ಸೇರಿಸಿಕೊಳ್ಳುವ ಹಕ್ಕನ್ನು ಹ್ಯೂಸ್ಟನ್‌ಗೆ ಕೊಟ್ಟುಬಿಟ್ಟರು. ಹ್ಯೂಸ್ಟನ್‌ನಲ್ಲಿ ಬಂದ ವರ್ಷವೇ ಅವನು ವರ್ಷದ ಅತ್ಯುತ್ತಮ ಹೊಸಬರ ಮೊದಲ ತಂಡಕ್ಕೆ ಆಯ್ಕೆಯಾದ.

ವಯಸ್ಸಿನ ನಿಯಮ ಚಿಕ್ಕದು. 22 ತುಂಬುವ ವರ್ಷದಲ್ಲಿ ಹೊರದೇಶದ ಆಟಗಾರ ತಾನಾಗೇ ಡ್ರಾಫ್ಟ್‌ಗೆ ಬರುತ್ತಾನೆ. ಅದಕ್ಕೆ ಮೊದಲು ಬರಬೇಕಾದರೆ ಹೆಸರು ಕೊಡಬೇಕು, ಆ ವರ್ಷದೊಳಗೆ 19 ಆಗಿರಬೇಕು. ಡ್ರಾಫ್ಟ್‌ಗೆ ಹತ್ತು ದಿನ ಮೊದಲಿನವರೆಗೆ ಹೆಸರು ವಾಪಸ್ ಪಡೆಯಬಹುದು. ನಿಮ್ಮ ಪಟ್ಟಿ ಆ ದಿನ ಇನ್ನೊಮ್ಮೆ ತಿದ್ದಿ.

ಅವನು ಬರುತ್ತಾನಾ? ಯಾವಾಗ?

ಇದನ್ನು ನೇರವಾಗಿ ಕೇಳಬೇಕು, ಹುಡುಗನನ್ನು, ಅವನ ಏಜೆಂಟ್‌ನನ್ನು, ಸಾಧ್ಯವಾದರೆ ಅವನ ಅಪ್ಪ ಅಮ್ಮನನ್ನು. 2005ರಲ್ಲಿ ಒರ್ಲ್ಯಾಂಡೊ 11ನೇ ಪಿಕ್‌ನಲ್ಲಿ ಸ್ಪೇನ್‌ನ ಫ್ರಾನ್ ವಾಸ್ಕೆಸ್‌ನನ್ನು ಕರೆಯಿತು. ಅವನು ಸ್ಪೇನ್‌ನಲ್ಲೇ ಉಳಿದ. ಎನ್‌ಬಿಎದಲ್ಲಿ ಒಂದು ನಿಮಿಷವೂ ಆಡಲಿಲ್ಲ. ಒಂದು ಲಾಟರಿ ಪಿಕ್ (ಮೊದಲ 14ರಲ್ಲೊಂದು) ಗಾಳಿಗೆ ಹೋಯಿತು. ಯಿ ಜಿಯಾನ್‌ಲಿಯಾನ್ ಕಡೆಯವರು ಮಿಲ್ವಾಕಿಯನ್ನು ವರ್ಕೌಟ್‌ಗೇ ಕರೆದಿರಲಿಲ್ಲ. ಆದರೂ ಮಿಲ್ವಾಕಿ ಆರನೇ ಪಿಕ್ ಅವನ ಮೇಲೆ ಹಾಕಿತು, ಆಗಸ್ಟ್ ಕೊನೆಯವರೆಗೆ ಸಹಿಗಾಗಿ ಕಾಯಬೇಕಾಯಿತು. ಬರಲು ಮನಸ್ಸಿಲ್ಲ ಎಂಬ ಸೂಚನೆಯನ್ನು ಅಂಕಿಯಷ್ಟೇ ಗಟ್ಟಿಯಾಗಿ ತೆಗೆದುಕೊಳ್ಳಿ.

ತಡವಾಗಿ ಬಂದರೂ ಪರವಾಗಿಲ್ಲ ಅನ್ನುವ ತಂಡಕ್ಕೆ ಇದೇ ಅನುಕೂಲ. ಹಕ್ಕು ನಿಮ್ಮದು, ಹುಡುಗ ಅಲ್ಲೇ ಬೆಳೆಯುತ್ತಾನೆ, ನಿಮ್ಮ 15 ಜನರ ಪಟ್ಟಿಯಲ್ಲಿ ಜಾಗ ಬೇಡ, ಸಂಬಳವೂ ಬೇಡ. ಮನು ಜಿನೋಬಿಲಿಯನ್ನು ಸ್ಯಾನ್ ಆಂಟೋನಿಯೊ 1999ರಲ್ಲಿ 57ನೇ ಸ್ಥಾನದಲ್ಲಿ ಕರೆದು ಇಟಲಿಯಲ್ಲೇ ಬಿಟ್ಟಿತು. 2001ರಲ್ಲಿ ಬೊಲೊನ್ಯಾ ತಂಡದೊಂದಿಗೆ ಯುರೋಲೀಗ್ ಗೆದ್ದ. 2002ರಲ್ಲಿ ಬಂದಾಗ ಅವನು ತಯಾರಾದ ಆಟಗಾರ.

ಆದರೆ ಮೊದಲ ಸುತ್ತಿನವನನ್ನು ಹೀಗೆ ಬಿಡುವ ಮೊದಲು ಗಡಿಯಾರ ನೋಡಿ. ಮೊದಲ ಸುತ್ತಿನವರಿಗೆ ಸಂಬಳ ನಿಗದಿ ಇರುತ್ತದೆ, ಎರಡು ವರ್ಷ ಖಾತ್ರಿ, ಮುಂದಿನ ಎರಡು ತಂಡದ ಇಷ್ಟ. ಮೂರು ಋತು ಸಹಿ ಆಗದೆ ಕಳೆದರೆ ಆ ನಿಗದಿ ಬಿಟ್ಟುಹೋಗುತ್ತದೆ, ಚೌಕಾಶಿ ಶುರುವಾಗುತ್ತದೆ. ಬೊಗ್ದಾನ್ ಬೊಗ್ದಾನೊವಿಚ್ 2014ರಲ್ಲಿ 27ನೇ ಪಿಕ್. 2017ರಲ್ಲಿ ಸ್ಯಾಕ್ರಮೆಂಟೊ ಅವನಿಗೆ ಮೂರು ವರ್ಷಕ್ಕೆ 2.7 ಕೋಟಿ ಡಾಲರ್ ಕೊಟ್ಟಿತು. ಒಳ್ಳೆಯ ಆಟಗಾರನೇ, ಆದರೆ 27ನೇ ಪಿಕ್‌ನ ಅಗ್ಗದ ಒಪ್ಪಂದ ಅಲ್ಲಿ ಸಿಗಲಿಲ್ಲ.

ಬಂದ ಮೇಲೆ ಯಾರಿದ್ದಾರೆ?

ಇದಕ್ಕೆ ಅಂಕಿಯಿಲ್ಲ, ಅದಕ್ಕೇ ಜನ ಬಿಟ್ಟುಬಿಡುತ್ತಾರೆ. ಯಾನಿಸ್ ಮಿಲ್ವಾಕಿಗೆ ಬಂದಾಗ ಅವನ ಮನೆಯವರಿಗೆ ವೀಸಾ ಸಿಕ್ಕಿರಲಿಲ್ಲ. ಮೊದಲ ಋತುವಿನ ನಡುವೆ ಅವರು ಬಂದು ಸೇರಿದರು. ತಂಡ ಅದಕ್ಕಾಗಿ ಓಡಾಡಿತ್ತು. ನನ್ನ ಪ್ರಕಾರ ಇದು ಶಾಟ್ ಕಲಿಸುವ ಕೋಚ್ ನೇಮಿಸಿದಷ್ಟೇ ಮುಖ್ಯ ಕೆಲಸ. ನಮ್ಮಲ್ಲಿಂದ ಕ್ರೀಡಾ ಹಾಸ್ಟೆಲ್‌ಗೆ ಹೋದ ಹುಡುಗರು ಯಾಕೆ ವಾಪಸ್ ಬರುತ್ತಾರೆ ಅಂತ ನಾನು ಕಂಡಿದ್ದೇನೆ. ಆಟ ಸಾಲದೆ ಬಂದವರಿಗಿಂತ ಊಟ ಒಗ್ಗದೆ, ಭಾಷೆ ಬಾರದೆ, ರಾತ್ರಿ ಮಾತಾಡಲು ಯಾರೂ ಇಲ್ಲದೆ ಬಂದವರೇ ಜಾಸ್ತಿ. ಆದ್ದರಿಂದ ಪಟ್ಟಿಯಲ್ಲಿ ಬರೆದುಕೊಳ್ಳಿ: ತಂಡದಲ್ಲಿ ಅವನ ಭಾಷೆ ಬಲ್ಲವರು ಇದ್ದಾರಾ? ಮನೆಯವರು ಜೊತೆಗೆ ಬರುತ್ತಾರಾ? ಮುಂಚೆ ಎಂದಾದರೂ ಮನೆ ಬಿಟ್ಟು ಇದ್ದನಾ?

ಪಿಕ್‌ನ ಬೆಲೆ ನೋಡಿ ಅಪಾಯ ಹೊರಿ

50ನೇ ಪಿಕ್‌ನಲ್ಲಿ ಬಹುತೇಕ ಯಾರೂ ನಿಲ್ಲುವುದಿಲ್ಲ, ಎಲ್ಲಿಯವರಾದರೂ ಸರಿ. ಅಲ್ಲಿ ಧೈರ್ಯ ಮಾಡಿ. 2015ರಲ್ಲಿ ಡಲ್ಲಾಸ್ 52ನೇ ಸ್ಥಾನದಲ್ಲಿ ಪಂಜಾಬಿನ ಸತ್ನಾಮ್ ಸಿಂಗ್‌ನನ್ನು ಕರೆದಾಗ ನಮಗೆಲ್ಲ ಎಷ್ಟು ಸಂತೋಷವಾಗಿತ್ತು. ಅವನು ಎನ್‌ಬಿಎ ಪಂದ್ಯ ಆಡಲಿಲ್ಲ. ಡಲ್ಲಾಸ್‌ಗೆ ಅದರಿಂದ ದೊಡ್ಡ ನಷ್ಟವೂ ಆಗಲಿಲ್ಲ. ಮೊದಲ ಐದರಲ್ಲಿ ಮಾತ್ರ ನಿಮಗೆ ಗಟ್ಟಿ ಸಾಕ್ಷಿ ಬೇಕು: ದೊಡ್ಡವರ ಲೀಗ್‌ನಲ್ಲಿ ನಿಜವಾದ ನಿಮಿಷಗಳು. ಡಾನ್ಚಿಚ್‌ಗೆ ಅದಿತ್ತು, ಸ್ಕಿಟಿಶ್ವಿಲಿಗೆ ಇರಲಿಲ್ಲ.

ಈಗ ಕಾಲ ಬದಲಾಗುತ್ತಿದೆ. ಅಮೆರಿಕದ ಕಾಲೇಜುಗಳಲ್ಲಿ ಆಟಗಾರರಿಗೆ ದುಡ್ಡು ಸಿಗತೊಡಗಿದ ಮೇಲೆ ಯುರೋಪಿನ ಹುಡುಗರು ಅಲ್ಲಿಗೇ ಹೋಗುತ್ತಿದ್ದಾರೆ. 2025ರಲ್ಲಿ ಎಂಟನೆಯವನಾದ ರಷ್ಯಾದ ಯೆಗೊರ್ ಡೆಮಿನ್ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಆಡಿ ಬಂದವನು. ಇಂಥವರನ್ನು ಅಳೆಯುವುದು ಸುಲಭ.

ಕೊನೆಗೆ ಈ ಕ್ರಮವನ್ನು ಒಬ್ಬನ ಮೇಲೆ ಹಚ್ಚಿ ನೋಡೋಣ. 2025ರ ಯಾಂಗ್ ಹಾನ್ಸೆನ್, ಚೀನಾದ ಚಿಂಗ್‌ದಾವ್ ತಂಡದ ಏಳಡಿ ದಾಟಿದ ಸೆಂಟರ್. ಸೆಂಟರ್ ಆದ್ದರಿಂದ ಅಂಕಿಯಲ್ಲಿ ಸ್ವಲ್ಪ ಕಳೆಯಬೇಕು. ಚೀನಾ ಲೀಗ್ ಯುರೋಲೀಗ್‌ಗಿಂತ ಕೆಳಗೆ, ಇನ್ನೂ ಸ್ವಲ್ಪ ಕಳೆಯಿರಿ. ಆದರೆ ಪಾಸ್ ಕೊಡುವ ಕೈ 2023ರ 19ರ ಒಳಗಿನವರ ವಿಶ್ವಕಪ್‌ನಲ್ಲೇ ಎಲ್ಲರ ಕಣ್ಣಿಗೆ ಬಿದ್ದಿತ್ತು. ಡ್ರಾಫ್ಟ್‌ಗೆ ಮೊದಲು ಆಟಗಾರರನ್ನು ಒಟ್ಟಿಗೆ ಪರೀಕ್ಷಿಸುವ ಷಿಕಾಗೊದ ಕಂಬೈನ್ ಶಿಬಿರಕ್ಕೆ ಬಂದು ಕುರ್ಚಿಯ ಬದಲು ನಿಜವಾದ ಎದುರಾಳಿಗಳ ಜೊತೆ ಆಡಿದ. ಬರುವ ಮನಸ್ಸು ಸ್ಪಷ್ಟವಾಗಿತ್ತು. ಪೋರ್ಟ್‌ಲ್ಯಾಂಡ್ 11ನೇ ಪಿಕ್ಕನ್ನು ಮೆಂಫಿಸ್‌ಗೆ ಕೊಟ್ಟು 16ಕ್ಕೆ ಇಳಿಯಿತು. ಜೊತೆಗೆ 2028ರ ಒಂದು ಮೊದಲ ಸುತ್ತಿನ ಪಿಕ್, ಎರಡು ಎರಡನೆಯ ಸುತ್ತಿನ ಪಿಕ್ ಪಡೆಯಿತು. ಆಮೇಲೆ ಯಾಂಗ್‌ನನ್ನು ಕರೆಯಿತು. ಎಲ್ಲರೂ ಅವನಿಗೆ 16ನೇ ಪಿಕ್ ಜಾಸ್ತಿಯಾಯಿತು ಅಂದರು. ನಾನು ನೋಡಿದ್ದು ಇಳಿದಾಗ ಬಂದ ಆ ಮೂರು ಪಿಕ್‌ಗಳನ್ನು. ಹುಡುಗ ನಿಲ್ಲದಿದ್ದರೂ ಅವು ಉಳಿಯುತ್ತವೆ. ನನಗೆ ಉಳಿದ ಅಳುಕು ಒಂದೇ: ಡೊನೊವನ್ ಕ್ಲಿಂಗನ್ ಎಂಬ ಎಳೆಯ ಸೆಂಟರ್ ಅಲ್ಲಿ ಆಗಲೇ ಇದ್ದ. ಶಿಷ್ಯರಲ್ಲಿ ಪೋರ್ಟ್‌ಲ್ಯಾಂಡ್ ವಹಿಸಿಕೊಂಡವನು ಕೇಳಿದಾಗ ಹೇಳಿದೆ, ಪಿಕ್ ಸರಿ ಇದೆ ಕಣೋ, ಆದರೆ ಎರಡು ವರ್ಷ ಅವನ ಪಾಯಿಂಟ್ ನೋಡಬೇಡ, ನಿಮಿಷ ನೋಡು.